ಅಕ್ಕೋರಿಗೆ ಪತ್ರ: ಮಕ್ಕಳ ಕಲಿಕೆಯಲ್ಲಿ ಮನೆಯವರ ಪಾಲು

ಬಾಗಲಕೋಟೆ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾದೆ. ಆದರೂ ನಿಮ್ಮ ಪತ್ರಗಳಿಂದಾಗಿ ಓಣಿಯ ಮಕ್ಕಳ ಸುದ್ದಿ ನನಗೆ ತಪ್ಪಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಊರಿನವರೇ ಸೇರಿ ಮಕ್ಕಳಿಗೆ ಏನಾದರೂ ಕಲಿಸಬೇಕು, ಅದಕ್ಕೆ ಮನೆಯವರನ್ನು ಹೇಗೆ ಜೊತೆ ಮಾಡಿಕೊಳ್ಳಬೇಕು? ಐದು ಪತ್ರಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನಮ್ಮ ಓಣಿಯಲ್ಲಿ ಎಲ್ಲರೂ ಪವರ್‌ಲೂಮ್ ನೇಕಾರರು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. ಸಂಜೆ ಗುಡಿಯ ಪಡಸಾಲೆಯಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಓದು, ಲೆಕ್ಕ ಹೇಳಿಕೊಡುತ್ತೇನೆ. ಮಕ್ಕಳು ಬರುತ್ತಾರೆ. ಪಾಲಕರ ಸಭೆ ಕರೆದರೆ ಮಾತ್ರ ಒಬ್ಬರೂ ಬರುವುದಿಲ್ಲ. ಅವರಿಗೆ ಮಕ್ಕಳ ಕಾಳಜಿನೇ ಇಲ್ಲ ಅನಿಸುತ್ತದೆ. ಏನು ಮಾಡಲಿ?
— ಒಬ್ಬ ಓದುಗಳು, ಬನಹಟ್ಟಿ

ತಂಗಿ, ಕಾಳಜಿ ಇಲ್ಲದವರು ಮಕ್ಕಳ ಮುಖ ತೊಳೆದು, ತಲೆ ಬಾಚಿ, ಸಂಜೆ ನಿನ್ನ ಹತ್ತಿರ ಕಳಿಸುತ್ತಿರಲಿಲ್ಲ. ಕಾಳಜಿ ಇದೆ, ಬರಲು ಹೊತ್ತಿಲ್ಲ. ನಿನ್ನ ಓಣಿಯಲ್ಲಿ ಮಜೂರಿ ಸಿಗುವುದು ನೇಯ್ದಷ್ಟಕ್ಕೆ. ಒಂದು ತಾಸು ಮಗ್ಗ ನಿಂತರೆ ಒಂದು ತಾಸಿನ ದುಡ್ಡು ಹೋಯಿತು. ಮಧ್ಯಾಹ್ನ ಕರೆಂಟ್ ಹೋಗಿದ್ದರೆ ಅದನ್ನು ತುಂಬಿಸಿಕೊಳ್ಳುವುದು ಸಂಜೆಯೇ. ಅದೇ ಹೊತ್ತಿಗೆ ನೀನು ಸಭೆ ಕರೆದಿದ್ದೀಯ. ತಾಯಂದಿರಂತೂ ನೂಲಿನ ಕಂಡಕಿ ಸುತ್ತುವುದು, ರೊಟ್ಟಿ ಬಡಿಯುವುದು, ನೀರು ಹಿಡಿಯುವುದು ಎಲ್ಲ ಸೇರಿಸಿಕೊಂಡು ಓಡಾಡುತ್ತಿರುತ್ತಾರೆ.

ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಡವರ ಮನೆಯವರಿಗೆ ಶಾಲೆಯಿಂದ ಕರೆ ಬಂತು ಅಂದರೆ ಏನೋ ದೂರು ಇದೆ ಅಂತಲೇ ಅರ್ಥ. ನಿಮ್ಮ ಹುಡುಗ ಓದುವುದಿಲ್ಲ, ನಿಮ್ಮ ಹುಡುಗಿ ಹೋಂವರ್ಕ್ ಮಾಡಿಲ್ಲ, ನೀವು ಮನೆಯಲ್ಲಿ ಏನು ಮಾಡುತ್ತೀರಿ? ನಾಲ್ಕು ಜನರ ಮುಂದೆ ಇದನ್ನು ಕೇಳಿಸಿಕೊಂಡವರು ಮತ್ತೆ ಅತ್ತ ತಲೆ ಹಾಕುವುದಿಲ್ಲ. ತಾವೇ ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರಾಗಿದ್ದರೆ ಆ ಕಟ್ಟೆ ಹತ್ತುವಾಗ ಕಾಲು ನಡುಗುತ್ತದೆ. ಈ ಭಯ ಹೋಗುವವರೆಗೆ ಸಭೆ ಕರೆಯಬೇಡ.

ನೀನೇ ಅವರ ಮನೆಗೆ ಹೋಗು. ವಾರದಲ್ಲಿ ಎರಡು ಮನೆ ಸಾಕು. ಮಗ್ಗದ ಹತ್ತಿರ ನಿಂತುಕೊಂಡು ಆ ಮಗು ಈ ವಾರ ಹೊಸದಾಗಿ ಏನು ಕಲಿಯಿತು ಅನ್ನುವುದನ್ನು ಮಾತ್ರ ಹೇಳು. "ಕಾಕಾ, ನಿಮ್ಮ ಮಗ ಮೊನ್ನೆ ಕಥೆ ಪುಸ್ತಕದ ಒಂದು ಪುಟ ನಿಲ್ಲದೆ ಓದಿದ" ಅಂದರೆ ಸಾಕು. ಸದ್ದಿನಲ್ಲಿ ಕೇಳಿಸದಿದ್ದರೆ ಅವರೇ ಮಗ್ಗ ನಿಲ್ಲಿಸಿ ಇನ್ನೊಮ್ಮೆ ಹೇಳು ಅನ್ನುತ್ತಾರೆ. ದೂರು ಇದ್ದರೆ ಮೂರು ತಿಂಗಳು ಹೊಟ್ಟೆಯಲ್ಲೇ ಇಟ್ಟುಕೋ.

ಆಮೇಲೆ ಓಣಿಯಲ್ಲಿ ವಿಚಾರಿಸು, ಮಗ್ಗ ಯಾವಾಗ ನಿಲ್ಲುತ್ತದೆ? ಅಮಾವಾಸ್ಯೆಗೋ, ಸಂತೆಯ ದಿನವೋ, ಇನ್ಯಾವ ದಿನವೋ, ಅದು ಅವರಿಗೇ ಗೊತ್ತು. ಆ ದಿನ, ಅವರು ಹೇಳಿದ ಹೊತ್ತಿಗೆ ಕರಿ. ಭಾಷಣ ಬೇಡ. ಮಕ್ಕಳು ಓದಿ ತೋರಿಸಲಿ, ಹಾಡಲಿ, ಲೆಕ್ಕ ಮಾಡಲಿ. ನೋಡಲು ಬಂದವರನ್ನು ಸುಮ್ನೆ ಕೂರಿಸಬೇಡ, ಅವರಿಗೂ ಒಂದು ಪಾಲು ಕೊಡು. ಒಂದು ಸೀರೆಗೆ ಎಷ್ಟು ಎಳೆ ಹಾಸು ಬೇಕು, ಅಂಚಿಗೆ ಎಷ್ಟು, ಹತ್ತು ಸೀರೆಗೆ ನೂಲು ಎಷ್ಟು ಕಿಲೋ ಅಂತ ಒಬ್ಬ ಅಪ್ಪ ಬಾಯಿಲೆಕ್ಕದಲ್ಲಿ ಹೇಳಿದರೆ ಐದನೇ ತರಗತಿಯ ಗುಣಾಕಾರ, ಭಾಗಾಕಾರ ಎರಡೂ ಅದರಲ್ಲೇ ಬಂದವು. ಆ ಲೆಕ್ಕ ಕೇಳಿ ಮಗ ಅಪ್ಪನ ಮುಖ ನೋಡುತ್ತಾನಲ್ಲ, ಆ ನೋಟಕ್ಕಾಗಿಯೇ ಅಪ್ಪ ಮುಂದಿನ ಸಲವೂ ಬರುತ್ತಾನೆ. ಇದು ನಾನು ಕಣ್ಣಾರೆ ಕಂಡ ಮಾತು.

ಕಲಿಸುವ ವಿಷಯಕ್ಕೆ ಬಂದರೆ, ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸಬೇಡ. ಯಾರಿಗೆ ಅಕ್ಷರ ಬರುತ್ತದೆ, ಯಾರಿಗೆ ಪದ, ಯಾರಿಗೆ ನಾಲ್ಕು ಸಾಲು, ಯಾರಿಗೆ ಒಂದು ಕಥೆ ಅಂತ ಒಬ್ಬೊಬ್ಬರನ್ನೇ ಓದಿಸಿ ನೋಡು. ಆ ಮಟ್ಟದ ಪ್ರಕಾರ ಗುಂಪು ಮಾಡು. ಪ್ರಥಮ್ ಸಂಸ್ಥೆ ದೇಶದ ಬಹಳ ಕಡೆ ಇದೇ ದಾರಿ ಹಿಡಿದಿದೆ. ನಾಲ್ಕನೇ ತರಗತಿಯ ಹುಡುಗ ಪದ ಓದುವವರ ಜೊತೆ ಕೂತರೆ ಅವಮಾನ ಅನಿಸದಂತೆ ನೋಡಿಕೋ. ಗುಂಪಿಗೆ ನಂಬರ್ ಕೊಡಬೇಡ, ಹೂವಿನ ಹೆಸರೋ ಹಣ್ಣಿನ ಹೆಸರೋ ಇಡು. ಮೇಲಿನ ಗುಂಪಿಗೆ ಹೋಗಲು ವರ್ಷದ ಕೊನೆಯವರೆಗೆ ಕಾಯಿಸಬೇಡ, ಬಂದ ದಿನವೇ ಕಳಿಸು.

ಶಾಲೆಯ ಮುಖ್ಯ ಗುರುಗಳನ್ನು ಕಂಡು ಇದನ್ನೆಲ್ಲ ತಿಳಿಸು. ನೀನು ಶಾಲೆಗೆ ಎದುರಾಗಿ ನಡೆಸುತ್ತಿಲ್ಲ ಅನ್ನುವುದು ಅವರಿಗೆ ಗೊತ್ತಾಗಬೇಕು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪಾಲಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ನಿನ್ನ ಪಡಸಾಲೆಗೆ ಬಂದು ಮಾತಾಡಲು ಕಲಿತ ತಾಯಿ ನಾಳೆ ಎಸ್‌ಡಿಎಂಸಿಯಲ್ಲೂ ಬಾಯಿ ತೆರೆಯುತ್ತಾಳೆ. ನನಗೆ ಹೆಚ್ಚು ಆಸೆ ಇರುವುದು ಅದರ ಮೇಲೆ.

ಸಂಜೆ ಬರದೆ ಮಗ್ಗದ ಮನೆಯಲ್ಲೇ ಉಳಿಯುವ ಮಕ್ಕಳು ಇದ್ದಾರಾ ಅಂತಲೂ ನೋಡು. ಹದಿನಾಲ್ಕು ತುಂಬದ ಮಗು ಶಾಲೆಯ ಹೊತ್ತು ಮುಗಿದ ಮೇಲೆ, ಓದಿಗೆ ತೊಂದರೆ ಆಗದಂತೆ, ಮನೆಯವರ ಅಪಾಯವಿಲ್ಲದ ಕೆಲಸಕ್ಕೆ ಮಾತ್ರ ಕೈಜೋಡಿಸಬಹುದು ಅನ್ನುತ್ತದೆ 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆ. ಬೇರೆಯವರ ಮಗ್ಗದಲ್ಲಿ ಕೂಲಿಗೆ ಕೂರಿಸುವಂತಿಲ್ಲ. ಅಂಥ ಮನೆಗೆ ಮೊದಲು ಪ್ರೀತಿಯಿಂದ ಹೋಗು.

ನಮ್ಮದು ವಿಜಯಪುರ ಜಿಲ್ಲೆಯ ಒಂದು ತಾಂಡಾ. ದೀಪಾವಳಿ ಹೊತ್ತಿಗೆ ನಾನು, ಹೆಂಡತಿ ಕಬ್ಬು ಕಡಿಯಲು ಹೋಗುತ್ತೇವೆ. ಒಂದು ವರ್ಷ ಮುಧೋಳ ಕಡೆ, ಒಂದು ವರ್ಷ ಮಹಾರಾಷ್ಟ್ರಕ್ಕೆ. ಮಗಳು ನಾಲ್ಕನೇ ತರಗತಿ, ಮಗನಿಗೆ ಎರಡು ವರ್ಷ. ಮಗಳನ್ನು ಕರೆದುಕೊಂಡು ಹೋದರೆ ತಮ್ಮನನ್ನು ನೋಡಿಕೊಳ್ಳುತ್ತಾಳೆ, ಆದರೆ ಶಾಲೆ ತಪ್ಪುತ್ತದೆ. ಬಿಟ್ಟು ಹೋಗಲು ಮನಸ್ಸಿಲ್ಲ. ದಾರಿ ಇದೆಯಾ?
— ಒಬ್ಬ ತಂದೆ, ಬಸವನ ಬಾಗೇವಾಡಿ ತಾಲೂಕು

ಅಣ್ಣಾ, ನಿಮ್ಮ ಪತ್ರದಲ್ಲೇ ಉತ್ತರದ ಅರ್ಧ ಇದೆ. ಮಗಳು ಶಾಲೆ ಬಿಡುತ್ತಿರುವುದು ಕಬ್ಬಿಗಾಗಿ ಅಲ್ಲ, ತಮ್ಮನಿಗಾಗಿ. ಸಣ್ಣವನ ವ್ಯವಸ್ಥೆ ಆದರೆ ದೊಡ್ಡವಳ ಓದು ಉಳಿಯುತ್ತದೆ. ಹಾಗಾಗಿ ಮೊದಲು ಅವನ ಬಗ್ಗೆ ಯೋಚಿಸೋಣ.

ನಿಮ್ಮ ಟೋಳಿಯಲ್ಲಿ, ಅಂದರೆ ಕಬ್ಬು ಕಡಿಯುವ ಗುಂಪಿನಲ್ಲಿ, ಇನ್ನೂ ನಾಲ್ಕಾರು ಸಣ್ಣ ಮಕ್ಕಳು ಇರುತ್ತವೆ, ಅಲ್ವಾ? ಅಡ್ವಾನ್ಸ್ ತೆಗೆದುಕೊಳ್ಳುವ ಮುಂಚೆಯೇ ಗುಂಪನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮನ ಹತ್ತಿರ ಎಲ್ಲರೂ ಸೇರಿ ಮಾತಾಡಿ. ಒಬ್ಬ ಹೆಣ್ಣುಮಗಳು ಗುಡಿಸಲ ಹತ್ತಿರ ಉಳಿದು ಎಲ್ಲ ಕೂಸುಗಳನ್ನು ನೋಡಿಕೊಳ್ಳಲಿ, ಅವಳ ಕೂಲಿಯನ್ನು ಟೋಳಿಯ ಲೆಕ್ಕದಲ್ಲೇ ಹಿಡಿಯಲಿ. ಅಡ್ವಾನ್ಸ್ ಕೈಗೆ ಬಂದ ಮೇಲೆ ಈ ಮಾತಿಗೆ ಬೆಲೆ ಇರುವುದಿಲ್ಲ. ಹೋದ ಊರಿನಲ್ಲಿ ಅಂಗನವಾಡಿಗೂ ಹೋಗಿ. ಹೊರಡುವ ಮೊದಲು ತಾಂಡಾದ ಕಾರ್ಯಕರ್ತೆಗೆ ತಿಳಿಸಿದರೆ ಅವರ ಮೊಬೈಲ್‌ನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ನಿಮ್ಮ ಮಗನ ಹೆಸರನ್ನು ಬೇರೆ ಕಡೆಗೆ ಕಳಿಸಲು ಅವಕಾಶ ಇದೆ. ಪೌಷ್ಟಿಕ ಆಹಾರ ಅವನ ಹಕ್ಕು, ಊರು ಬಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಲಸಿಕೆಯ ತಾಯಿ ಕಾರ್ಡ್ ಮರೆಯದೆ ಒಯ್ಯಿರಿ.

ಊರಲ್ಲೇ ಉಳಿಯುವ ವರ್ಷ ಬಂದರೆ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳು ಶುರುವಾಗಿವೆ. ನಿಮ್ಮ ಪಂಚಾಯತಿಯಲ್ಲಿ ನಡೆಯುತ್ತಿದೆಯಾ ವಿಚಾರಿಸಿ.

ಇನ್ನು ಮಗಳು. ಅಜ್ಜ ಅಜ್ಜಿ ಗಟ್ಟಿ ಇದ್ದರೆ ಅವಳನ್ನು ಅವರ ಹತ್ತಿರ ಬಿಡುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ವಲಸೆ ಹೋಗುವವರ ಮಕ್ಕಳಿಗೆ ಊರಲ್ಲೇ ಉಳಿದು ಓದಲು ಋತುಮಾನ ವಸತಿ ಕೇಂದ್ರ ನಡೆಸುವ ಅವಕಾಶ ಇಲಾಖೆಯಲ್ಲಿದೆ. ಅದು ತಾನಾಗಿ ತೆರೆಯುವುದಿಲ್ಲ, ಕೇಳಬೇಕು. ದಸರಾಕ್ಕೂ ಮುಂಚೆ ತಾಂಡಾದಿಂದ ಯಾರ್ಯಾರು ಹೋಗುತ್ತಾರೆ, ಎಷ್ಟು ಮಕ್ಕಳು ಅಂತ ಪಟ್ಟಿ ಮಾಡಿ, ಮುಖ್ಯ ಗುರುಗಳ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಒಬ್ಬರ ಅರ್ಜಿಗಿಂತ ಇಡೀ ತಾಂಡಾದ ಅರ್ಜಿಗೆ ತೂಕ ಜಾಸ್ತಿ.

ಕರೆದುಕೊಂಡು ಹೋಗಲೇಬೇಕಾದರೆ ಇದನ್ನು ನೆನಪಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗು ಹೋದ ಊರಿನ ಸರ್ಕಾರಿ ಶಾಲೆಗೆ ಸೇರಬಹುದು, ರಾಜ್ಯ ದಾಟಿದರೂ ಅಷ್ಟೇ. ಟಿ.ಸಿ. ಬರುವುದು ತಡವಾಯಿತು ಅನ್ನುವ ಕಾರಣಕ್ಕೆ ಹೊರಗೆ ನಿಲ್ಲಿಸುವಂತಿಲ್ಲ. ಜತ್ತ, ಅಕ್ಕಲಕೋಟ ಕಡೆ ಹೋದರೆ ಅಲ್ಲಿ ಕನ್ನಡ ಶಾಲೆಗಳೇ ಇವೆ. ಮುಧೋಳ, ಜಮಖಂಡಿ ಕಡೆ ಬಂದರೆ ಹತ್ತಿರದ ಶಾಲೆಯ ಗುರುಗಳನ್ನು ಮೊದಲ ವಾರದಲ್ಲೇ ಕಾಣಿರಿ. ಗುಡಿಸಲುಗಳಲ್ಲಿ ಮಕ್ಕಳು ಜಾಸ್ತಿ ಇದ್ದರೆ ಟೆಂಟ್ ಶಾಲೆ ಕೇಳಿ. ಪಠ್ಯಪುಸ್ತಕ ಗಂಟಿನಲ್ಲಿ ಮೇಲೆಯೇ ಇರಲಿ. ರಾತ್ರಿ ಊಟ ಆದ ಮೇಲೆ ಅವಳು ಒಂದು ಪಾಠ ಗಟ್ಟಿಯಾಗಿ ಓದಲಿ, ನೀವಿಬ್ಬರೂ ಕೇಳಿ. ನಿಮಗೆ ಓದು ಬರದಿದ್ದರೂ ಕೇಳಲು ಬರುತ್ತದೆ.

ಮರಳಿ ಬಂದಾಗ ಅವಳು ಹಿಂದೆ ಬಿದ್ದಿದ್ದರೆ ಕೆಳಗಿನ ತರಗತಿಗೆ ಹಾಕಲು ಒಪ್ಪಬೇಡಿ. ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಿ ಬಿಟ್ಟುಹೋದ ಪಾಠ ಕಲಿಸಿಕೊಡಿ ಅಂತ ಗುರುಗಳನ್ನು ಕೇಳಿ. ಕಷ್ಟದಲ್ಲಿರುವ ಯಾವುದೇ ಮಗುವಿಗೆ 1098 ನಂಬರ್ ಇದೆ. ಹಣ ಬೇಕಿಲ್ಲ, ಯಾರ ಫೋನಿನಿಂದಾದರೂ ಆಗುತ್ತದೆ. ಇದನ್ನು ನಿಮ್ಮ ಮಗಳಿಗೆ ಬಾಯಿಪಾಠ ಮಾಡಿಸಿ.

ನಮ್ಮ ಮನೆಮಾತು ಮರಾಠಿ. ಮಗುವನ್ನು ಕನ್ನಡ ಅಂಗನವಾಡಿಗೆ ಕಳಿಸುತ್ತಿದ್ದೇವೆ. ಎರಡೂ ಕಲಸಿ ಮಾತಾಡುತ್ತಾಳೆ. ಮನೆಯಲ್ಲೂ ಕನ್ನಡವನ್ನೇ ಆಡಿದರೆ ಒಳ್ಳೆಯದೇ?
— ಒಬ್ಬ ತಾಯಿ, ನಿಪ್ಪಾಣಿ

ಬೇಡ ತಾಯಿ. ನಿಮಗೆ ಯಾವ ಮಾತು ಎದೆಯಿಂದ ಬರುತ್ತದೋ ಅದರಲ್ಲೇ ಮಗುವಿನ ಜೊತೆ ಆಡಿ. ಕಥೆ, ಜೋಗುಳ, ಬೈಗುಳ ಎಲ್ಲ ಅದರಲ್ಲೇ ಇರಲಿ. ಒಂದು ಭಾಷೆ ಗಟ್ಟಿ ಇದ್ದರೆ ಎರಡನೆಯದು ಸುಲಭವಾಗಿ ಬರುತ್ತದೆ. ಮೂರು ವರ್ಷಕ್ಕೆ ಕಲಸಿ ಮಾತಾಡುವುದು ಸಹಜ, ಆಮೇಲೆ ಅವಳೇ ಬೇರೆ ಮಾಡಿಕೊಳ್ಳುತ್ತಾಳೆ. ಅಂಗನವಾಡಿಯಲ್ಲಿ ಒಂದು ಮರಾಠಿ ಹಾಡು ಹೇಳಿಕೊಡಲು ನಿಮಗೆ ಅವಕಾಶ ಕೊಡುತ್ತಾರಾ, ಕೇಳಿ ನೋಡಿ. ತನ್ನ ಮನೆಯ ಹಾಡನ್ನು ಎಲ್ಲ ಮಕ್ಕಳೂ ಹಾಡುವುದನ್ನು ಕೇಳಿದ ಮಗು ಕನ್ನಡಕ್ಕೂ ಬೇಗ ಬಾಯಿ ತೆರೆಯುತ್ತದೆ.

ನನಗೆ ಓದು ಬರಹ ಇಲ್ಲ. ಈ ಪತ್ರ ಮೊಮ್ಮಗಳ ಕೈಲಿ ಬರೆಸಿದ್ದೇನೆ. ಸಣ್ಣ ಮೊಮ್ಮಗ ಅಂಗನವಾಡಿಗೆ ಹೋಗುತ್ತಾನೆ. ಅಲ್ಲಿನ ಟೀಚರ್ "ಆಯಿ, ನೀವೂ ಬಂದು ಮಕ್ಕಳಿಗೆ ಏನಾದರೂ ಹೇಳಿಕೊಡಿ" ಅನ್ನುತ್ತಾಳೆ. ನಾನು ಏನು ಹೇಳಿಕೊಡಲಿ? ಸೊಸೆಗೂ ಇದು ಸರಿ ಕಾಣುವುದಿಲ್ಲ.
— ಒಬ್ಬ ಅಜ್ಜಿ, ಹುನಗುಂದ ತಾಲೂಕು

ಆಯಿ, ನಿಮ್ಮ ಪತ್ರ ಓದಿ ನನಗೆ ಬಹಳ ಸಂತೋಷ ಆಯಿತು. ಆ ಟೀಚರ್‌ಗೂ ಕೈ ಮುಗಿಯುತ್ತೇನೆ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಮೊದಲ ಕೇಂದ್ರಗಳು ಮೈಸೂರು ಕಡೆಯ ತಿ. ನರಸೀಪುರದಲ್ಲಿ ಬಂದವು. ಆಗಿನಿಂದಲೂ ಅಂಗನವಾಡಿ ಮಗುವಿಗಷ್ಟೇ ಅಲ್ಲ, ತಾಯಿಗೂ ಇದೆ. ಆದರೆ ಒಬ್ಬ ಕಾರ್ಯಕರ್ತೆ ಎಷ್ಟು ಮಾಡಿಯಾಳು? ತೂಕ ನೋಡಬೇಕು, ರಿಜಿಸ್ಟರ್ ಬರೆಯಬೇಕು, ಮೊಬೈಲ್‌ನಲ್ಲಿ ಫೋಟೋ ಹಾಕಬೇಕು, ಗರ್ಭಿಣಿಯರ ಮನೆಗೆ ಹೋಗಬೇಕು, ಸಹಾಯಕಿ ರಜೆ ಇದ್ದರೆ ಅಡುಗೆಯನ್ನೂ ನೋಡಬೇಕು. ಇಷ್ಟರ ನಡುವೆ ಮೂರರಿಂದ ಆರು ವರ್ಷದ ಮಕ್ಕಳನ್ನು ಆಡಿಸಬೇಕು. ನಿಮ್ಮಂಥವರು ಒಂದು ತಾಸು ಬಂದು ಕೂತರೆ ಅವಳಿಗೆ ಎಷ್ಟು ಹಗುರ ಆಗುತ್ತದೆ ಗೊತ್ತಾ?

ಏನು ಹೇಳಿಕೊಡಲಿ ಅಂತ ಕೇಳಿದ್ದೀರಿ. ನಿಮಗೆ ಗಜಗ ಆಡಲು ಬರುತ್ತದಲ್ಲ? ಹಾರಿಸಿ, ಹಿಡಿದು, ಎರಡೆರಡು ಮೂರುಮೂರು ಎತ್ತುವುದರಲ್ಲಿ ಎಣಿಕೆಯೂ ಇದೆ, ಕಣ್ಣು ಕೈ ಹೊಂದಿಸುವುದೂ ಇದೆ. ಮುಂದೆ ಪೆನ್ಸಿಲ್ ಹಿಡಿಯುವ ಬೆರಳು ಗಟ್ಟಿ ಆಗುವುದು ಇಂಥದ್ದರಿಂದಲೇ. ತೀರಾ ಸಣ್ಣವರು ಗಜಗ, ಹುಣಸೆ ಬೀಜ ಬಾಯಿಗೆ ಹಾಕಿಕೊಳ್ಳದಂತೆ ಒಂದು ಕಣ್ಣು ಇರಲಿ. ಚೌಕಾಬಾರದ ಮನೆ ಬರೆದು ಆಡಿಸಿ. ಜೋಳ, ಕಡಲೆ, ಹೆಸರು, ತೊಗರಿ ಒಂದು ಮೊರಕ್ಕೆ ಸುರಿದು ಬೇರೆ ಬೇರೆ ಮಾಡಲು ಹೇಳಿ. ಬಣ್ಣ, ಆಕಾರ, ದೊಡ್ಡದು ಸಣ್ಣದು ಎಲ್ಲ ಅದರಲ್ಲೇ ಕಲಿಯುತ್ತಾರೆ.

ಮಣ್ಣೆತ್ತಿನ ಅಮಾವಾಸ್ಯೆ ಬರುವುದು ಶಾಲೆ ಶುರುವಾದ ಹೊಸತರಲ್ಲೇ. ಹೊಲದ ಕರಿಮಣ್ಣು ತರಿಸಿ, ನಾದಿ, ಎತ್ತು ಮಾಡುವುದನ್ನು ತೋರಿಸಿ. ಕೊಂಬು ಎಷ್ಟು, ಕಾಲು ಎಷ್ಟು, ಜೋಡಿ ಅಂದರೆ ಎಷ್ಟು ಅಂತ ಕೇಳುತ್ತಾ ಮಾಡಿ. ಆಷಾಢದಲ್ಲಿ ಮಣ್ಣಿನಿಂದ ಮಾಡುವ ಗುಳ್ಳವ್ವ ಇದೆ, ಪಂಚಮಿಗೆ ಜೋಕಾಲಿ ಹಾಡು ಇದೆ. ಬೀಸುವ ಕಲ್ಲಿನ ಹಾಡು ನಿಮ್ಮ ಸೊಸೆಗೆ ಬರುವುದು ಕಷ್ಟ, ನಿಮಗೆ ಬರುತ್ತದೆ. ಹಾಡಿನ ಜೊತೆ ಎಷ್ಟು ಪದ ಮಗುವಿನ ಕಿವಿಗೆ ಬೀಳುತ್ತವೆ! ಹೆಚ್ಚು ಪದ ಕೇಳಿದ ಮಗು ಮುಂದೆ ಓದುವಾಗ ಅರ್ಥ ಮಾಡಿಕೊಳ್ಳಲು ತಡವರಿಸುವುದಿಲ್ಲ.

ಒಗಟು ಹೇಳಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದಾಗ ಒಂದು ಮಗು ಬೆಣ್ಣೆ ಅನ್ನಬಹುದು, ಇನ್ನೊಂದು ಮೋಡ ಅನ್ನಬಹುದು. ಮಲ್ಲಿಗೆ ಅಂತ ನೀವೇ ಅವಸರದಲ್ಲಿ ಹೇಳಿಬಿಡಬೇಡಿ. ಯಾಕೆ ಹಾಗಂದೆ ಅಂತ ಕೇಳಿ. ಮಗು ಕಾರಣ ಹುಡುಕುವುದೇ ಕಲಿಕೆ. ಕಥೆ ಹೇಳುವಾಗಲೂ ಅರ್ಧಕ್ಕೆ ನಿಲ್ಲಿಸಿ, ಮುಂದೆ ಏನಾಗಿರಬಹುದು ಅಂತ ಕೇಳಿ. ಹೆದರಿಸುವ ಕಥೆ ಬೇಡ. ಕರಿಯ ಕೂಸು, ಬಿಳಿಯ ಕೂಸು, ಆ ಜಾತಿ, ಈ ಜಾತಿ ಅನ್ನುವ ಮಾತು ಅಲ್ಲಿ ಬರಲೇಬಾರದು. ಎಲ್ಲ ಮಕ್ಕಳೂ ಒಂದೇ ಚಾಪೆ, ಒಂದೇ ಪಂಕ್ತಿ. ಇದನ್ನು ನೀವು ದೊಡ್ಡವರು ಗಟ್ಟಿಯಾಗಿ ಹಿಡಿದರೆ ಊರೇ ಹಿಡಿಯುತ್ತದೆ.

ಸೊಸೆಯ ಮಾತು. ಅವಳಿಗೆ ಸರಿ ಕಾಣದಿರಲು ಕಾರಣ ಇರಬಹುದು. ನೀವು ಅಂಗನವಾಡಿಗೆ ಹೋದರೆ ಮನೆಗೆಲಸದ ಒಂದು ಪಾಲು ಅವಳ ತಲೆ ಮೇಲೆ ಬೀಳುತ್ತದೆ. ಕೇಳಿ ನೋಡಿ. ವಾರಕ್ಕೆ ಎರಡೇ ದಿನ ಹೋಗಿ, ಆ ದಿನ ಬರುವಾಗ ಮೊಮ್ಮಗನನ್ನು ನೀವೇ ಕರೆತನ್ನಿ, ಅವಳಿಗೆ ಅಷ್ಟು ಬಿಡುವು ಸಿಗುತ್ತದೆ. ಬಾಲವಿಕಾಸ ಸಮಿತಿಯ ಸಭೆ ಇದ್ದಾಗ ಅವಳನ್ನೂ ಜೊತೆಗೆ ಕರೆದೊಯ್ಯಿರಿ. ಅತ್ತೆ ಸೊಸೆ ಒಟ್ಟಿಗೆ ಹೋಗಿ ಮೊಟ್ಟೆ ಸರಿಯಾಗಿ ಬರುತ್ತಿದೆಯಾ, ನೀರಿನ ಟ್ಯಾಂಕ್ ತೊಳೆದಿದ್ದಾರಾ ಅಂತ ಕೇಳಿದರೆ ಅದಕ್ಕೆ ಬೇರೆಯೇ ಬಲ.

ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ನಮ್ಮೂರಿನ ಮಕ್ಕಳಿಗಾಗಿ ಎರಡು ಕಂಪ್ಯೂಟರ್ ಮತ್ತು ಸ್ವಲ್ಪ ಹಣ ಕೊಡಬೇಕು ಅಂದುಕೊಂಡಿದ್ದೇನೆ. ಯಾರಿಗೆ, ಹೇಗೆ ಕೊಟ್ಟರೆ ಉಪಯೋಗ ಆಗುತ್ತದೆ?
— ಒಬ್ಬ ಓದುಗ, ಬೈಲಹೊಂಗಲ ತಾಲೂಕು

ತಮ್ಮಾ, ಊರು ನೆನಪಿಟ್ಟುಕೊಂಡಿದ್ದಕ್ಕೆ ಒಳ್ಳೆಯದಾಗಲಿ. ಹೊಸ ಕಟ್ಟಡ, ಹೊಸ ಸಂಘ ಅಂತ ಹೋಗಬೇಡ. ಗ್ರಾಮ ಪಂಚಾಯತಿಯ ಗ್ರಂಥಾಲಯ ಇದೆಯಲ್ಲ, ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2020ರ ನವೆಂಬರ್ 14ರಂದು ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಮೊದಲು ನಿಮ್ಮೂರಿನ ಎಷ್ಟು ಮಕ್ಕಳ ಹೆಸರು ಅಲ್ಲಿದೆ ನೋಡು. ಎಲ್ಲರ ಹೆಸರು ಬರೆಸುವುದೇ ನಿನ್ನ ಮೊದಲ ಕೊಡುಗೆ ಆಗಲಿ, ಅದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಕಂಪ್ಯೂಟರ್ ಆಮೇಲೆ. ಕೂರಿಸುವವರು, ರಿಪೇರಿ ಮಾಡಿಸುವವರು ಗೊತ್ತಾಗದೆ ಕೊಟ್ಟರೆ ಬಟ್ಟೆ ಹೊದ್ದು ಮೂಲೆ ಸೇರುತ್ತವೆ. ಮಕ್ಕಳ ಎತ್ತರಕ್ಕೆ ಸಿಗುವ ತಗ್ಗಿನ ಕಪಾಟು, ಜಮಖಾನೆ, ಒಳ್ಳೆಯ ಲೈಟು, ಕಥೆ ಪುಸ್ತಕ, ಇವುಗಳಿಂದ ಶುರು ಮಾಡು. ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆಸಿ ಹೊಲಿಸಬಹುದು.

ಹಣ ಇನ್ನೂ ಉಳಿದರೆ ಊರಿನ ಒಬ್ಬ ಹೆಣ್ಣುಮಗಳಿಗೆ ಗೌರವಧನ ಕೊಟ್ಟು, ವಾರಕ್ಕೆ ಎರಡು ಸಂಜೆ ಅಲ್ಲಿ ಗಟ್ಟಿಯಾಗಿ ಕಥೆ ಓದಿಸು. ಸಣ್ಣ ಮಕ್ಕಳನ್ನು ಕರೆತರುವ ತಾಯಂದಿರಿಗೂ ಕೂರಲು ಜಾಗ ಇರಲಿ. ಮಗುವಿನ ಪುಸ್ತಕವನ್ನು ಮಗುವಿನ ಜೊತೆಯೇ ನೋಡುತ್ತಾ ಅಕ್ಷರ ಕಲಿತ ತಾಯಂದಿರಿದ್ದಾರೆ. ಕತ್ತಲಾಗುವ ಮೊದಲು ಹುಡುಗಿಯರು ಮನೆ ಸೇರುವಂತೆ ಹೊತ್ತು ಗೊತ್ತು ಮಾಡಿ, ಇಲ್ಲದಿದ್ದರೆ ಅವರನ್ನು ಕಳಿಸುವುದನ್ನೇ ನಿಲ್ಲಿಸುತ್ತಾರೆ.

ಏನು ಬೇಕು ಅನ್ನುವುದನ್ನು ಮಕ್ಕಳನ್ನೇ ಕೇಳು. ನವೆಂಬರ್ ಹೊತ್ತಿಗೆ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ಶುರುವಾಗುತ್ತದೆ. ಈ ಸಲ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳು. ಶೌಚಾಲಯಕ್ಕೆ ಬಾಗಿಲಿಲ್ಲ, ಬಸ್ಸು ನಿಲ್ಲಿಸುವುದಿಲ್ಲ ಅಂತ ಅವರು ಹೇಳಬಹುದು. ಹಾಗಿದ್ದರೆ ಕಂಪ್ಯೂಟರಿಗಿಂತ ಮೊದಲು ಪಿಡಿಒ ಅವರನ್ನು ಕಂಡು ಆ ಬಾಗಿಲು ಹಾಕಿಸು. ಬಸ್ಸಿನ ಅರ್ಜಿಗೆ ಊರಿನವರ ಸಹಿ ಹಾಕಿಸಿ ಡಿಪೋ ಮ್ಯಾನೇಜರ್ ಕೈಗೆ ಮುಟ್ಟಿಸು.